ನಾಲ್ಕು ವರ್ಷದ ಮಗ ಬೇರೆ ಮಕ್ಕಳ ಜೊತೆ ಆಡ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ತಾಯಿ, ನಿಟುವಳ್ಳಿ, ದಾವಣಗೆರೆ):
ಮೇಡಂ, ನಮಸ್ಕಾರ. ಯುಗಾದಿ ಆದಮೇಲೆ ಜಗಳೂರು ಕಡೆಯ ನಮ್ಮ ಹಳ್ಳಿಯಿಂದ ಇಲ್ಲಿಗೆ ಬಂದೆವು. ಮಗನಿಗೆ ನಾಲ್ಕು ವರ್ಷ, ಎಲ್‌ಕೆಜಿ. ಸಂಜೆ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರೆ ಇವನು ಗೇಟ್ ಹಿಡಿದು ನೋಡುತ್ತಾ ನಿಲ್ಲುತ್ತಾನೆ. ಹೋಗು ಅಂದರೆ ನನ್ನ ಸೆರಗು ಹಿಡಿಯುತ್ತಾನೆ. ಮನೆಗೆ ಬಂದ ಮಕ್ಕಳ ಪಕ್ಕದಲ್ಲೇ ಕೂತು ಬೇರೆ ಆಟ ಆಡುತ್ತಾನೆ, ಅವರು ಅವನ ಕಾರು ಮುಟ್ಟಿದರೆ ಕಿತ್ತುಕೊಳ್ಳುತ್ತಾನೆ. ನಮ್ಮ ಜೊತೆ ಚೆನ್ನಾಗಿ ಮಾತಾಡುತ್ತಾನೆ, ಒಬ್ಬನೇ ಬಸ್ ಕಂಡಕ್ಟರ್ ಆಟ ಆಡುತ್ತಾನೆ. ಅತ್ತೆಯವರು "ಆಟ ಇರಲಿ, ಮೊದಲು ಬರೆಸು" ಅಂತಾರೆ.

ಉತ್ತರ (ಮಕ್ಕಳ ಆಪ್ತ ಸಮಾಲೋಚಕಿ):
ನಮಸ್ಕಾರ. ಗೇಟ್ ಹತ್ತಿರ ಅವನು ಸುಮ್ನೆ ನಿಂತಿಲ್ಲ. ಯಾರು ಕಳ್ಳ ಆದರು, ಯಾರು ಮುನಿಸಿಕೊಂಡರು, ಯಾರ ಮಾತು ನಡೆಯಿತು, ಎಲ್ಲಾ ಗಮನಿಸುತ್ತಿದ್ದಾನೆ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ ಪುಟ್ಟ ಮಕ್ಕಳ ಆಟ ನೋಡಿ 1932ರಲ್ಲಿ ಬರೆದರು. ಒಬ್ಬರೇ ಆಡುವುದು, ನಿಂತು ನೋಡುವುದು, ಪಕ್ಕಪಕ್ಕ ಕೂತು ತಮ್ಮಷ್ಟಕ್ಕೆ ಆಡುವುದು, ಸಾಮಾನು ಕೊಟ್ಟು ತಗೊಂಡು ಆಡುವುದು, ಎಲ್ಲರೂ ಸೇರಿ ಒಂದೇ ಆಟ ಕಟ್ಟುವುದು, ಹೀಗೆ ಅವರು ಗುರುತಿಸಿದರು. ಇದನ್ನು ಮೆಟ್ಟಿಲು ಅಂದುಕೊಂಡು ಗಾಬರಿ ಆಗುವ ತಂದೆ ತಾಯಿ ಜಾಸ್ತಿ. ಸೇರಿ ಆಡಲು ಕಲಿತ ಮಗುವೂ ಆಗಾಗ ಒಂಟಿಯಾಗಿ ಆಡುತ್ತೆ. ಪಕ್ಕದಲ್ಲಿ ಕೂತವನು ಐದು ನಿಮಿಷದಲ್ಲಿ ಅದೇ ಆಟದೊಳಗೆ ಇರಬಹುದು.

ಕಂಡಕ್ಟರ್ ಆಟ ಕೇಳಿ ನನಗೆ ತುಂಬಾ ಖುಷಿಯಾಯಿತು. ಕಂಡಕ್ಟರ್ ಆದವನು ಟಿಕೆಟ್ ಕೊಡಬೇಕು, ಚಿಲ್ಲರೆ ಕೇಳಬೇಕು, ಬಸ್ ಬಿಟ್ಟು ಓಡುವ ಹಾಗಿಲ್ಲ. ಪಾತ್ರ ಬಂದ ಕೂಡಲೇ ಅದರ ನಿಯಮವೂ ಬರುತ್ತೆ ಅಂತ ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಹೇಳಿದ್ದು ಇದನ್ನೇ. ಮನಸ್ಸನ್ನು ಹಿಡಿತದಲ್ಲಿ ಇಡುವುದನ್ನು ಅವನು ಆಗಲೇ ಅಭ್ಯಾಸ ಮಾಡುತ್ತಿದ್ದಾನೆ. ಆ ಬಸ್ಸಿಗೆ ಈಗ ಒಬ್ಬ ಪ್ಯಾಸೆಂಜರ್ ಬೇಕು.

ಹತ್ತು ಮಕ್ಕಳ ಮಧ್ಯೆ ತಳ್ಳಬೇಡಿ. ಬೀದಿಯ ಒಂದು ಮಗುವನ್ನು ವಾರಕ್ಕೆ ಎರಡು ಸಲ ಮನೆಗೆ ಕರೆಯಿರಿ, ಪ್ರತಿ ಸಲವೂ ಅದೇ ಮಗು. ಮುಕ್ಕಾಲು ಗಂಟೆ ಸಾಕು. ಕಾರನ್ನು ಮೊದಲೇ ಬೀರುವಿನಲ್ಲಿ ಇಡಿ. ಹಳೇ ಡಬ್ಬಿ, ಮರಳು, ರಟ್ಟಿನ ಪೆಟ್ಟಿಗೆ ಇಬ್ಬರಿಗೂ ಸಾಲುವಷ್ಟು ಕೊಡಿ. ಜಗಳ ಬಂದರೆ, ಹೊಡೆದಾಟ ಇಲ್ಲದಿದ್ದರೆ, ಸ್ವಲ್ಪ ಕಾಯಿರಿ. ನೀವು ಓಡಿಹೋಗಿ ತೀರ್ಪು ಕೊಟ್ಟರೆ ಮಾತಾಡಿ ಬಗೆಹರಿಸುವುದನ್ನು ಅವರು ಯಾವಾಗ ಕಲಿಯಬೇಕು?

"ನಾನೂ ಆಟಕ್ಕೆ ಬರಲಾ ಅಂತ ಕೇಳು" ಅಂತ ನಾವೆಲ್ಲ ಹೇಳಿಕೊಡುತ್ತೇವೆ. ಹಾಗೆ ಕೇಳಿದರೆ "ಬೇಡ" ಅನ್ನುವುದು ಮಕ್ಕಳಿಗೆ ಬಹಳ ಸುಲಭ. ಸ್ವಲ್ಪ ಹೊತ್ತು ನೋಡಿ, ಆ ಆಟಕ್ಕೆ ಬೇಕಾದ್ದನ್ನು ತಂದ ಮಗು ಬೇಗ ಒಳಗೆ ಹೋಗುತ್ತೆ. ಅಡುಗೆ ಆಟ ನಡೆಯುತ್ತಿದ್ದರೆ ನಾಲ್ಕು ಬೇವಿನ ಎಲೆ ಹಿಡಿದು "ಸೊಪ್ಪು ತಂದೆ" ಅನ್ನಲಿ. ಮನೆಯಲ್ಲಿ ನೀವೇ ಅಡುಗೆಯವರಾಗಿ ರೂಢಿ ಮಾಡಿಸಿ.

ಒಂದು ಎಚ್ಚರಿಕೆ. ಹೆಸರು ಕರೆದರೆ ತಿರುಗದ, ಕಣ್ಣು ಕೊಟ್ಟು ನೋಡದ, ಬಂದ ಮಾತು ನಿಂತುಹೋದ ಮಕ್ಕಳನ್ನು ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಉಚಿತ, ಅಂಗನವಾಡಿಯಲ್ಲಿ ವಿಚಾರಿಸಿ. ನೀವು ಬರೆದದ್ದರಲ್ಲಿ ಆ ಲಕ್ಷಣ ನನಗೆ ಕಾಣಲಿಲ್ಲ.

ಪ್ರಶ್ನೆ (ಒಬ್ಬ ಅಜ್ಜ, ಚಿತ್ರದುರ್ಗ):
ಮೇಡಂ, ಆಟ ಮೊದಲಾ ಬರಹ ಮೊದಲಾ ಅಂತ ನಮ್ಮ ಮನೆಯಲ್ಲೂ ಇದೇ ವಾದ. ಬರಹದಲ್ಲಿ ಹಿಂದೆ ಬಿದ್ದರೆ ಆಮೇಲೆ ಕಷ್ಟ ಅಲ್ವಾ?

ಉತ್ತರ:
ಯಜಮಾನರೇ, ನಿಮ್ಮ ಕಾಳಜಿ ಸರಿಯಾದದ್ದೇ. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಮೂರರಿಂದ ಎಂಟು ವರ್ಷದವರೆಗೆ ಆಟ, ಚಟುವಟಿಕೆಗಳ ಮೂಲಕ ಕಲಿಸಿ ಅನ್ನುತ್ತೆ. ದೊಡ್ಡ ಮೊಮ್ಮಕ್ಕಳ ಜೊತೆ ಚಿಕ್ಕವನನ್ನೂ ಕೂರಿಸಿಕೊಂಡು ಚೌಕಾಬಾರ ಆಡಿಸಿ. ಕವಡೆ ಎಣಿಸಬೇಕು, ಪಾಳಿ ಬರುವ ತನಕ ಕಾಯಬೇಕು, ಕಾಯಿ ಕಡಿದರೆ ಅಳು ನುಂಗಿ ಮತ್ತೆ ಶುರು ಮಾಡಬೇಕು. ಪ್ರತಿ ಸಲ ನೀವೇ ಸೋಲಬೇಡಿ. ಮನೆಯವರ ಮುಂದೆ ಸೋತು ರೂಢಿಯಾದ ಮಗುವಿಗೆ ಶಾಲೆಯಲ್ಲಿ ಸೋಲುವುದು ಅಷ್ಟು ದೊಡ್ಡದು ಅನ್ನಿಸಲ್ಲ.

ಪ್ರಶ್ನೆ (ಅದೇ ತಾಯಿ, ಮೂರು ವಾರದ ನಂತರ):
ಮೇಡಂ, ಎಲೆ ಹಿಡಿದು ಹೋದ, ಸೇರಿಸಿಕೊಂಡರು! ಆದರೆ ನಿನ್ನೆ ಜೂಟಾಟದಲ್ಲಿ ದೊಡ್ಡ ಮಕ್ಕಳು "ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂದರಂತೆ. ನನಗೆ ಹೊಟ್ಟೆ ಉರಿಯಿತು. ಹೋಗಿ ಕೇಳಲಾ?

ಉತ್ತರ:
ದಯವಿಟ್ಟು ಕೇಳಬೇಡಿ. ನಾವು ದೊಡ್ಡವರು ಆ ಮಾತನ್ನು ಅವಮಾನಕ್ಕೆ ಬಳಸುತ್ತೇವೆ. ಮಕ್ಕಳ ಆಟದಲ್ಲಿ ಅದು ಚಿಕ್ಕವರಿಗೆ ಕೊಡುವ ಜಾಗ. ಅವನು ಓಡಬಹುದು, ಕೂಗಬಹುದು, ಸಿಕ್ಕಿಬಿದ್ದರೂ ಔಟ್ ಇಲ್ಲ. ತಪ್ಪಿದರೂ ಯಾರೂ ಬೈಯುವುದಿಲ್ಲ. ಎಂಟು ವರ್ಷದವರು ನಾಲ್ಕು ವರ್ಷದವನಿಗಾಗಿ ನಿಯಮ ಸಡಿಲ ಮಾಡಿದ್ದಾರೆ, ಅದನ್ನು ಅವರಿಗೆ ಯಾವ ಟೀಚರೂ ಹೇಳಿಕೊಟ್ಟಿಲ್ಲ. ಒಂದೇ ವಯಸ್ಸಿನವರನ್ನು ಕೂರಿಸುವ ಕ್ಲಾಸಿನಲ್ಲಿ ಇದು ಸಿಗುವುದು ಕಷ್ಟ. ಇನ್ನು ಕೆಲವು ತಿಂಗಳಲ್ಲಿ ಅವನೇ "ನನ್ನನ್ನೂ ಲೆಕ್ಕಕ್ಕೆ ತಗೊಳ್ರೋ" ಅಂತ ಜಗಳ ತೆಗೆಯುತ್ತಾನೆ. ಆಗಲೂ ಗೇಟ್ ಒಳಗೇ ಇರಿ.