ಪದಚರ್ಚೆ: ಆಟೋಮ್ಯಾಟಿಕ್ ಗೇರ್ ‘ಜಾರುತ್ತದೆ’ ಅಂದರೆ ಯಾವ ಜಾರು?

ಪ್ರಶ್ನೆ

ಹಳೆಯ ಆಟೋಮ್ಯಾಟಿಕ್ ಕಾರುಗಳ ಗೇರ್‌ಬಾಕ್ಸ್ ತೊಂದರೆಗಳ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಸ್ಲಿಪ್, ಫ್ಲೇರ್, ಡಿಲೇ, ಹಾರ್ಶ್ ಶಿಫ್ಟ್, ಶಡ್ಡರ್, ಹಂಟಿಂಗ್ ಎಂಬ ಮಾತುಗಳಿಗೆ ಕರಡಿನಲ್ಲಿ ಜಾರುವಿಕೆ, ಭುಗಿಲು, ವಿಳಂಬ, ಕರ್ಕಶ ಬದಲಾವಣೆ, ಕಂಪನ, ಬೇಟೆ ಎಂದಿದೆ. ಓದುವವರು ಕಾರು ಇಟ್ಟುಕೊಂಡವರು, ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವವರು. ಇವು ಅವರಿಗೆ ಮುಟ್ಟುತ್ತವೆಯೇ? ಜೊತೆಗೆ, ಟ್ರಾನ್ಸ್‌ಮಿಷನ್ ಫ್ಲೂಯಿಡ್‌ಗೆ ‘ಗೇರ್ ಆಯಿಲ್’ ಎಂದರೆ ಸಾಕಲ್ಲವೇ?

ಉತ್ತರ 1

ಕೊನೆಯದನ್ನು ಮೊದಲು ನೋಡೋಣ. ಅಲ್ಲಿ ಪದ ತಪ್ಪಿದರೆ ಗೇರ್‌ಬಾಕ್ಸೇ ಹೋಗುತ್ತದೆ. ‘ಗೇರ್ ಆಯಿಲ್’ ಎಂದ ಕೂಡಲೇ ಕೈ ಹೋಗುವುದು ಮ್ಯಾನ್ಯುಯಲ್ ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ಹಾಕುವ 90 ನಂಬರಿನ ದಪ್ಪ ಎಣ್ಣೆಗೆ. ಆಟೋಮ್ಯಾಟಿಕ್‌ನೊಳಗಿರುವುದು ತೆಳ್ಳನೆಯ ಕೆಂಪು ದ್ರವ. ಸವೆತ ತಡೆಯುವುದಷ್ಟೇ ಅದರ ಕೆಲಸವಲ್ಲ. ಪಂಪಿನ ಒತ್ತಡವನ್ನು ಕ್ಲಚ್‌ಗಳಿಗೆ ಮುಟ್ಟಿಸುವುದೂ ಟಾರ್ಕ್ ಕನ್ವರ್ಟರಿನಲ್ಲಿ ಇಂಜಿನ್ನಿನ ಬಲ ದಾಟಿಸುವುದೂ ಅದೇ. ‘ಎಟಿಎಫ್’ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಎಂದೇ ಬರೆಯಿರಿ, ಡಬ್ಬಿಯ ಮೇಲೂ ಹಾಗೇ ಇರುತ್ತದೆ. ಯಾವ ಜಾತಿಯದು ಎಂಬುದನ್ನೂ ಸೇರಿಸಿ. ಫೋರ್ಡಿನ ಹಳೆಯ ಗೇರ್‌ಬಾಕ್ಸುಗಳ ಟೈಪ್ ಎಫ್, ಜನರಲ್ ಮೋಟಾರ್ಸ್‌ನ ಡೆಕ್ಸ್‌ರಾನ್ ಎರಡೂ ಕೆಂಪಗೇ ಇವೆ, ಆದರೆ ಟೈಪ್ ಎಫ್‌ನಲ್ಲಿ ಕ್ಲಚ್ ಗಕ್ಕನೆ ಹಿಡಿಯುತ್ತದೆ, ಡೆಕ್ಸ್‌ರಾನ್‌ನಲ್ಲಿ ಮೆತ್ತಗೆ.

‘ಜಾರು’ ಒಳ್ಳೆಯ ಕ್ರಿಯಾಪದವೇ, ಆದರೆ ಕರ್ತೃ ತಪ್ಪಿದೆ. ‘ಗೇರ್ ಜಾರುತ್ತದೆ’ ಎಂದರೆ ಮ್ಯಾನ್ಯುಯಲ್ ಓಡಿಸಿದವರು ಹಾಕಿದ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಂದುಬಿಡುತ್ತದೆ ಎಂದು ತಿಳಿಯುತ್ತಾರೆ. ಇಲ್ಲಿ ಆಗುವುದು ಅದಲ್ಲ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ರೇಸ್ ಆಗುತ್ತದೆ, ಗಾಡಿ ಎಳೆಯುವುದಿಲ್ಲ. ಹಾಗೇ ಬರೆಯಿರಿ. ಒಂದೇ ಪದ ಬೇಕಿದ್ದರೆ ‘ಕ್ಲಚ್ ಹಿಡಿಯುತ್ತಿಲ್ಲ’ ಎನ್ನಬಹುದು.

ಈ ದೂರಿಗೆ ಮೊದಲು ನೋಡಬೇಕಾದದ್ದು ಎಟಿಎಫ್ ಮಟ್ಟ. ಕರಡಿನ ‘ದ್ರವದ ಪ್ರಮಾಣವನ್ನು ಪರಿಶೀಲಿಸಿ’ ಎಂಬ ಒಂದು ಸಾಲು ಯಾತಕ್ಕೂ ಸಾಲದು. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು, ಗೇರ್‌ಬಾಕ್ಸ್ ಓಡಿ ಬಿಸಿಯಾಗಿರಬೇಕು. ಬ್ರೇಕ್ ತುಳಿದುಕೊಂಡು ಲಿವರನ್ನು ಎಲ್ಲ ಸ್ಥಾನಗಳಲ್ಲೂ ಒಂದೊಂದು ಕ್ಷಣ ನಿಲ್ಲಿಸಿ ಪಾರ್ಕ್‌ಗೆ ತರಬೇಕು. ಇಂಜಿನ್ ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ನೋಡಬೇಕು. ಕ್ರೈಸ್ಲರಿನ ಹಳೆಯ ಗೇರ್‌ಬಾಕ್ಸುಗಳಲ್ಲಿ ಪಾರ್ಕ್ ಅಲ್ಲ, ನ್ಯೂಟ್ರಲ್. ಹೋಂಡಾದಲ್ಲಿ ಇಂಜಿನ್ ಆಫ್ ಮಾಡಿ ನೋಡುವುದು. ಅಮೆರಿಕದ ಬಹುಪಾಲು ಗೇರ್‌ಬಾಕ್ಸುಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನದಕ್ಕೆ ಬೇಕಾಗುವುದು ಸುಮಾರು ಅರ್ಧ ಲೀಟರು ಮಾತ್ರ. ‘ಕಡಿಮೆ ಇದ್ದರೆ ತುಂಬಿಸಿ’ ಎಂದು ಬರೆದರೆ ಒಂದು ಲೀಟರ್ ಸುರಿಯುವವರಿದ್ದಾರೆ. ಹೆಚ್ಚಾದರೆ ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಎಬ್ಬಿಸುತ್ತವೆ. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಎರಡರಲ್ಲೂ ಒತ್ತಡ ಬಿದ್ದು ಕ್ಲಚ್ ಹಿಡಿಯದು, ದೂರು ಒಂದೇ.

ಡಿಪ್‌ಸ್ಟಿಕ್ ಕೈಯಲ್ಲಿರುವಾಗಲೇ ಮೂಸಿ ನೋಡಲು ಹೇಳಿ. ‘ಸುಟ್ಟ ವಾಸನೆ’ಗಿಂತ ‘ಸೀದ ವಾಸನೆ’ ನಿಖರ. ಉರಿದದ್ದಲ್ಲ, ಕಾವಿಗೆ ತಳ ಹಿಡಿದದ್ದು. ಸೀದು ಕಂದಾಗಿದ್ದರೆ ಕ್ಲಚ್‌ನ ಒರಸು ಪದರ ಸವೆದಿದೆ. ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ರೇಡಿಯೇಟರಿನೊಳಗಿನ ಕೂಲರ್ ಸೋರಿ ನೀರು ಬೆರೆತಿದೆ. ಆ ಪದರವನ್ನು ಅಂಟಿಸಿದ ಅಂಟನ್ನು ನೀರು ಬಿಡಿಸುತ್ತದೆ, ಆದ್ದರಿಂದ ಗಾಡಿಯನ್ನು ಓಡಿಸಲೇಬಾರದು. ಗೇರ್‌ಬಾಕ್ಸಿನ ಅಡಿಯ ತಟ್ಟೆ, ಅಂದರೆ ಪ್ಯಾನ್ ಬಿಚ್ಚಿದಾಗ ತಳದಲ್ಲಿ ತೆಳುವಾದ ಬೂದು ಬಣ್ಣದ ಕೆಸರು ಇದ್ದರೆ ಗಾಬರಿ ಬೇಡ. ಹೊಳೆಯುವ ಲೋಹದ ಚೂರುಗಳಿದ್ದರೆ ಗೇರ್‌ಬಾಕ್ಸ್ ಇಳಿಸದೆ ವಿಧಿಯಿಲ್ಲ.

‘ಭುಗಿಲು’ ಬೇಡವೇ ಬೇಡ, ಓದಿದವರು ಬೆಂಕಿ ನಂದಿಸಲು ಓಡುತ್ತಾರೆ. ಫ್ಲೇರ್‌ನಲ್ಲೂ ಇಂಜಿನ್ ರೇಸ್ ಆಗುತ್ತದೆ, ಆದರೆ ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವ ಸಂದಿಯಲ್ಲಿ ಮಾತ್ರ. ಹಿಂದಿನ ಗೇರ್ ಬಿಟ್ಟಾಗಿದೆ, ಮುಂದಿನದು ಇನ್ನೂ ಹಿಡಿದಿಲ್ಲ. ‘ಗೇರ್ ಬದಲಾಗುವಾಗ ನಡುವೆ ನ್ಯೂಟ್ರಲ್ ಆದಂತೆ ಇಂಜಿನ್ ಒಮ್ಮೆ ರೇಸ್ ಆಗಿ ಇಳಿಯುತ್ತದೆ’ ಎಂದರೆ ಸಾಕು. ಉದ್ದವಾಯಿತು ಅನ್ನಿಸಬಹುದು, ಆದರೆ ಆ ‘ಒಮ್ಮೆ’ಯೇ ಇದನ್ನು ಸ್ಲಿಪ್‌ನಿಂದ ಬೇರೆ ಮಾಡುವುದು. ಎಲ್ಲ ಗೇರಿನಲ್ಲೂ ಹಿಡಿತವಿಲ್ಲದಿದ್ದರೆ ಅನುಮಾನ ಪಂಪು, ಫಿಲ್ಟರು, ಎಟಿಎಫ್ ಮಟ್ಟದ ಮೇಲೆ. ಒಂದೇ ಸಂದಿಯಲ್ಲಿ ಆದರೆ ಆ ಒಂದು ಗೇರಿನ ಕ್ಲಚ್ ಅಥವಾ ಬ್ಯಾಂಡಿನ (ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿ) ಮೇಲೆ.

‘ವಿಳಂಬ’ದಲ್ಲಿ ಎರಡು ಬೇರೆ ರೋಗಗಳು ಒಂದೇ ಹಾಸಿಗೆಯಲ್ಲಿ ಮಲಗಿವೆ. ‘ತಡವಾಗಿ ಗೇರ್ ಬೀಳುತ್ತದೆ’ ಎಂಬ ಬಳಕೆಮಾತೂ ಎರಡಕ್ಕೂ ನಡೆಯುತ್ತದೆ, ಹಾಗಾಗಿ ತೊಡಕು. ಮೊದಲನೆಯದು: ನಿಂತ ಗಾಡಿಯಲ್ಲಿ ಲಿವರನ್ನು ಪಾರ್ಕ್‌ನಿಂದ ಡ್ರೈವ್‌ಗೆ ತಂದ ಮೇಲೆ ಎರಡು ಮೂರು ಸೆಕೆಂಡ್ ಏನೂ ಆಗದೆ, ಆಮೇಲೆ ಧಡಕ್ಕನೆ ಹಿಡಿಯುವುದು. ಇದು ಹೆಚ್ಚಾಗಿ ಬೆಳಗಿನ ತಣ್ಣನೆಯ ಸ್ಟಾರ್ಟ್‌ನಲ್ಲಿ. ವಯಸ್ಸಾಗಿ ಗಟ್ಟಿಯಾದ ರಬ್ಬರ್ ಸೀಲುಗಳು, ಕನ್ವರ್ಟರಿನಿಂದ ರಾತ್ರಿಯಿಡೀ ಇಳಿದುಹೋದ ಎಟಿಎಫ್ ಇದಕ್ಕೆ ಕಾರಣ. ‘ಗೇರ್ ಕೂರುವುದು ತಡ’ ಎನ್ನಿ. ಎರಡನೆಯದು: ಓಡುವ ಗಾಡಿ ಒಂದೇ ಗೇರಿನಲ್ಲಿ ಕಿರುಚುತ್ತ ಬಹಳ ವೇಗ ಹಿಡಿದ ಮೇಲಷ್ಟೇ ಮುಂದಿನದಕ್ಕೆ ಹೋಗುವುದು. ‘ಗೇರ್ ಏರುವುದು ತಡ’ ಎನ್ನಿ.

ಏರುವುದು ತಡವಾಗುವ ಗಾಡಿ ಸಾಮಾನ್ಯವಾಗಿ ಒದೆಯುತ್ತದೆ ಕೂಡ. ಹಾರ್ಶ್‌ಗೆ ‘ಒದೆಯುವುದು’ ಅಥವಾ ‘ಜರ್ಕ್ ಹೊಡೆಯುವುದು’ ಸರಿಯಾದ ಮಾತು. ಕರ್ಕಶ ಎನ್ನುವುದು ಕಿವಿಗೆ, ಬೆನ್ನಿಗಲ್ಲ. ಇಂಜಿನ್ನಿನ ಹೀರುವಿಕೆಗೆ (ವ್ಯಾಕ್ಯೂಮ್) ತಕ್ಕಂತೆ ಒತ್ತಡ ಹೊಂದಿಸುವ ವ್ಯಾಕ್ಯೂಮ್ ಮಾಡ್ಯುಲೇಟರ್ ಇರುವ ಗೇರ್‌ಬಾಕ್ಸುಗಳಲ್ಲಿ ಇಂಜಿನ್ನಿನ ಹೊರೆ ಎಷ್ಟೆಂದು ತಿಳಿಸುವುದೇ ಒಂದು ರಬ್ಬರ್ ಹೋಸ್. ಅದು ಬಿರಿದರೆ ಅಥವಾ ಕಳಚಿದರೆ ವ್ಯಾಕ್ಯೂಮ್ ಇಲ್ಲವಾಗಿ, ಚಾಲಕ ಪೂರ್ತಿ ಆಕ್ಸಿಲರೇಟರ್ ಕೊಟ್ಟಿದ್ದಾನೆಂದೇ ಗೇರ್‌ಬಾಕ್ಸ್ ತಿಳಿಯುತ್ತದೆ. ಒತ್ತಡ ಏರುತ್ತದೆ, ಗೇರ್ ತಡವಾಗಿ ಏರಿ ಒದೆಯುತ್ತದೆ. ಹೋಸನ್ನು ಮಾಡ್ಯುಲೇಟರ್ ಕಡೆಯಿಂದ ಕಿತ್ತು ನೋಡಿ. ಒಳಗೆ ಎಟಿಎಫ್ ಹನಿ ಇದ್ದರೆ ಮಾಡ್ಯುಲೇಟರಿನೊಳಗಿನ ಪೊರೆ, ಅಂದರೆ ಡಯಾಫ್ರಾಮ್ ಹರಿದಿದೆ, ಇಂಜಿನ್ ಅದನ್ನು ಹೀರಿ ಬಿಳಿ ಹೊಗೆಯಾಗಿ ಬಿಡುತ್ತಿದೆ. ಎಲ್ಲೂ ಸೋರದೆ ಎಟಿಎಫ್ ಕಡಿಮೆಯಾಗುತ್ತಿರುವ ಗುಟ್ಟು ಅಲ್ಲಿದೆ.

ಇದಕ್ಕೆ ತದ್ವಿರುದ್ಧವಾದ ದೂರಿಗೆ ಕರಡಿನಲ್ಲಿ ಪದವೇ ಇಲ್ಲ. 1982ರಲ್ಲಿ ಬಂದ ಜನರಲ್ ಮೋಟಾರ್ಸ್ 700ಆರ್4ನಂಥವುಗಳಲ್ಲಿ ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂದು ಗೇರ್‌ಬಾಕ್ಸಿಗೆ ತಿಳಿಸುವ ಥ್ರಾಟಲ್ ಕೇಬಲ್ ಸಡಿಲವಾಗಿ ಕೂತರೆ ಗೇರ್ ಬೇಗ ಬೇಗ, ನುಣ್ಣಗೆ ಏರುತ್ತದೆ. ಕೂತವರಿಗೆ ಹಾಯೆನಿಸುತ್ತದೆ, ಒಳಗೆ ಒತ್ತಡ ಸಾಲದೆ ಕ್ಲಚ್ ಸೀಯುತ್ತಿರುತ್ತದೆ. ಇಂಜಿನ್ ಆಫ್ ಮಾಡಿ ಪೆಡಲನ್ನು ತಳದವರೆಗೆ ತುಳಿದಾಗ ಕೇಬಲ್ ತನ್ನ ಕೊನೆಯವರೆಗೆ ಎಳೆದಿರಬೇಕು. ಇದನ್ನು ‘ಗೇರ್ ಅವಸರಕ್ಕೆ ಏರುತ್ತದೆ’ ಎಂದು ಸೇರಿಸಿ.

ಶಡ್ಡರ್‌ಗೆ ‘ಅದುರು’. ಕಂಪನ ಯಾವುದಕ್ಕಾದರೂ ಆದೀತು, ಬ್ಯಾಲೆನ್ಸ್ ತಪ್ಪಿದ ಚಕ್ರಕ್ಕೂ. ಮೇಲಿನ ಗೇರಿನಲ್ಲಿ ಸಮವೇಗದಲ್ಲಿ ಹೋಗುವಾಗ ಸಾಲು ಉಬ್ಬುಗಳ ಮೇಲೆ ಓಡಿದಂತೆ ಗರಗರ ಅದುರಿದರೆ, ವೇಗ ಇಳಿಯದಷ್ಟು ಹಗುರಾಗಿ ಬ್ರೇಕ್ ಪೆಡಲ್ ಮುಟ್ಟಿ ನೋಡಿ. ಬ್ರೇಕ್ ಸ್ವಿಚ್ಚು ಕನ್ವರ್ಟರಿನ ಲಾಕಪ್ ಕ್ಲಚ್ಚನ್ನು (ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಕ್ಲಚ್) ಬಿಡಿಸುತ್ತದೆ. ಆ ಕ್ಷಣ ಅದುರುವುದು ನಿಂತರೆ ತಪ್ಪು ಲಾಕಪ್‌ನದು.

‘ಬೇಟೆ’ಗೆ ನಗು ಬಂತು, ಕ್ಷಮಿಸಿ. ‘ಮೂರು ನಾಲ್ಕರ ನಡುವೆ ಹೊಯ್ದಾಡುತ್ತದೆ’ ಎನ್ನಿ.

ಉತ್ತರ 2

ಮೇಲಿನದರ ಜೊತೆಗೆ ಎರಡು ಮಾತು. ‘ಕ್ಲಚ್’ ಎಂದರೆ ಕಲಿಯುವ ಹುಡುಗರು ಪೆಡಲ್ ಹುಡುಕುತ್ತಾರೆ. ಮೊದಲ ಬಾರಿ ಬಂದಲ್ಲಿ ‘ಒಳಗಿನ ಕ್ಲಚ್ ಪ್ಲೇಟುಗಳ ಕಟ್ಟು’ ಎಂದು ಬಿಡಿಸಿ ಹೇಳಿ.

ಕರಡಿನಲ್ಲಿ ಬ್ಯಾಂಡನ್ನು ‘ಬೆಲ್ಟ್’ ಎಂದಿರುವುದು ತಪ್ಪು. ಬೆಲ್ಟ್ ತಿರುಗುತ್ತದೆ, ಬ್ಯಾಂಡ್ ತಿರುಗುವ ಡ್ರಮ್ಮನ್ನು ಸುತ್ತಿ ಹಿಡಿದು ನಿಲ್ಲಿಸುತ್ತದೆ. ‘ಹಿಡಿಪಟ್ಟಿ’ ಆದೀತು, ಆದರೆ ಬ್ಯಾಂಡ್ ಎಂದರೇ ತಿಳಿಯುತ್ತದೆ. ಅದನ್ನು ಹೊಂದಿಸುವ ಸಾಲಿನಲ್ಲಿ ‘ಬ್ಯಾಕ್ ಆಫ್’ಗೆ ‘ಹಿಂದಕ್ಕೆ ಸರಿಸಿ’ ಎಂದಿದೆ, ಅದು ‘ಬಿಚ್ಚಿ’ ಆಗಬೇಕು. ಫೋರ್ಡ್ ಸಿ4 ಗೇರ್‌ಬಾಕ್ಸಿನ ಮಧ್ಯದ ಬ್ಯಾಂಡಿಗೆ ಪಾಠ ಹೀಗಿರಲಿ: ‘ಲಾಕ್‌ನಟ್ ತೆಗೆದು ಹೊಸದನ್ನು ಹಾಕಿ. ಹೊಂದಿಕೆ ಸ್ಕ್ರೂವನ್ನು ಟಾರ್ಕ್ ರೆಂಚಿನಿಂದ 10 ಅಡಿ-ಪೌಂಡಿಗೆ, ಅಂದರೆ ಸುಮಾರು 13.5 ನ್ಯೂಟನ್-ಮೀಟರಿಗೆ ಬಿಗಿ ಮಾಡಿ. ಅಲ್ಲಿಂದ ಒಂದೂ ಮುಕ್ಕಾಲು ಸುತ್ತು ಬಿಚ್ಚಿ. ಸ್ಕ್ರೂ ಅಲುಗದಂತೆ ಹಿಡಿದುಕೊಂಡು ಲಾಕ್‌ನಟ್ ಬಿಗಿಯಿರಿ.’ ಲೋ-ರಿವರ್ಸ್ ಬ್ಯಾಂಡಿಗೂ ಅಷ್ಟೇ ಬಿಗಿ, ಬಿಚ್ಚುವುದು ಮೂರು ಸುತ್ತು. ಕರಡಿನಲ್ಲಿ ‘ಮುಕ್ಕಾಲು ಸುತ್ತು’ ಎಂದಷ್ಟೇ ಉಳಿದು ಆ ‘ಒಂದೂ’ ಬಿಟ್ಟುಹೋಗಿದೆ. ಹಾಗೇ ಅಚ್ಚಾದರೆ ಬ್ಯಾಂಡ್ ಡ್ರಮ್ಮನ್ನು ಪೂರ್ತಿ ಬಿಡದೆ ಉಜ್ಜುತ್ತಲೇ ಇರುತ್ತದೆ.