ಜಾನಿ ಡಾಲರ್ ನಾಟಕವನ್ನು ಎಲ್ಲಿಂದ ಕೇಳಬೇಕು?

ಪ್ರಶ್ನೆ:
ನಿದ್ದೆ ಬಾರದ ರಾತ್ರಿಗಳಲ್ಲಿ ಹಳೆಯ ರೇಡಿಯೊ ನಾಟಕ ಕೇಳುವುದು ನನ್ನ ಚಟ. ಈಗ ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ ಬರುತ್ತಿದ್ದ ಪತ್ತೇದಾರಿ ನಾಟಕ ‘ಯುವರ್ಸ್ ಟ್ರೂಲಿ, ಜಾನಿ ಡಾಲರ್’ ಸಿಕ್ಕಿದೆ. ಕ್ರಮವಾಗಿಯೇ ಹೋಗೋಣವೆಂದು 1949ರಿಂದ ಶುರು ಮಾಡಿದೆ. ನಟ ಚಾರ್ಲ್ಸ್ ರಸೆಲ್ ಅವರ ಜಾನಿ ಬೆಳ್ಳಿ ಡಾಲರ್‌ಗಳನ್ನು ಭಕ್ಷೀಸಾಗಿ ಎಸೆಯುತ್ತಾನೆ, ಚುರುಕಾಗಿ ಮಾತನಾಡುತ್ತಾನೆ, ಅಷ್ಟೆ. ನಾಲ್ಕು ಕಂತಿಗೇ ಸಾಕೆನಿಸಿತು. ಜೊತೆಗೆ ಅವನು ಓದುವ ಆ ಖರ್ಚಿನ ಪಟ್ಟಿ ಬೇರೆ! ವಿಮಾ ತನಿಖೆಗಾರನ ಟ್ಯಾಕ್ಸಿ ಬಾಡಿಗೆ ಕಟ್ಟಿಕೊಂಡು ನನಗೇನಾಗಬೇಕು?

ಉತ್ತರ 1:
ನೇರವಾಗಿ 1955ರ ಅಕ್ಟೋಬರ್‌ಗೆ ಹೋಗಿ. ಜಾನಿಯ ಪಾತ್ರದಲ್ಲಿ ನಟ ಬಾಬ್ ಬೇಲಿ ಅಲ್ಲಿ ಸಿಗುತ್ತಾರೆ. ಉಳಿದವರನ್ನು ಆಮೇಲೆ ನೋಡಿಕೊಳ್ಳಬಹುದು.

ಉತ್ತರ 2:
ಇಪ್ಪತ್ತು ವರ್ಷ ಪ್ರಯಾಣ ಭತ್ಯೆಯ ಬಿಲ್ಲುಗಳಿಗೆ ಕೆಂಪು ಶಾಯಿ ಬಳಿದವನು ನಾನು. ಆ ಪಟ್ಟಿಯ ಪರವಾಗಿ ವಕಾಲತ್ತು ವಹಿಸದೆ ಇರಲಾರೆ.

ಜಾನಿ ಯಾವ ಕಂಪನಿಯ ಸಂಬಳದಾಳೂ ಅಲ್ಲ. ವಿಮಾ ಕಂಪನಿಗಳ ತವರಾದ ಹಾರ್ಟ್‌ಫರ್ಡ್‌ನಲ್ಲಿ ಕೂತು, ಫೋನ್ ಬಂದರೆ ಹೊರಡುವವನು. ಹಾಗಾಗಿ ಇಡೀ ಕಥೆಯೇ ಅವನು ಕಂಪನಿಗೆ ಒಪ್ಪಿಸುವ ಲೆಕ್ಕ. ‘ಮೊದಲನೆಯ ಬಾಬ್ತು, ವಿಮಾನದ ಟಿಕೆಟ್’ ಎಂದರೆ ಸಾಕು, ಮರುಕ್ಷಣ ನಾವು ಬೇರೊಂದು ಊರಿನಲ್ಲಿ. ಕಣ್ಣಿಗೆ ಏನೂ ಕಾಣದ ನಾಟಕದಲ್ಲಿ ದೃಶ್ಯ ಬದಲಿಸಲು ಇದಕ್ಕಿಂತ ಅಗ್ಗದ ಉಪಾಯ ಉಂಟೇ? ಯಾರಿಗೋ ಕುಡಿಸಿ ಬಾಯಿ ಬಿಡಿಸಿದ್ದೂ ಒಂದು ಬಾಬ್ತು. ಅಲ್ಲಲ್ಲಿ ಉಬ್ಬಿಸಿಯೂ ಬರೆಯುತ್ತಾನೆ, ಕಳ್ಳ. ನನ್ನ ಮೇಜಿಗೆ ಬಂದಿದ್ದರೆ ಅರ್ಧ ಹೊಡೆದುಹಾಕುತ್ತಿದ್ದೆ. ಆದರೆ ಪೂರ್ತಿ ಓದಿದ ಮೇಲೆ.

ಇನ್ನು ಬೇಲಿ. ನಿರ್ದೇಶಕ ಜ್ಯಾಕ್ ಜಾನ್‌ಸ್ಟೋನ್ ಅವರು ಬಂದ ಮೇಲೆ ಅರ್ಧ ಗಂಟೆಯ ಕಥೆ ಹೋಗಿ, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 15 ನಿಮಿಷ, ವಾರಕ್ಕೊಂದು ಪ್ರಕರಣ ಎಂದಾಯಿತು. ಐದು ದಿನ ಸಿಕ್ಕಿದ್ದರಿಂದ ಶಂಕಿತರಿಗೂ ಸುಳ್ಳು ಹೇಳಲು ಪುರುಸೊತ್ತು ಸಿಕ್ಕಿತು. ಬೇಲಿಯವರ ಜಾನಿಗೆ ಆಯಾಸವಾಗುತ್ತದೆ, ಸಿಟ್ಟು ಬರುತ್ತದೆ, ಕೆಲವೊಮ್ಮೆ ಅಪರಾಧಿಯ ಮೇಲೆ ಕನಿಕರವೂ ಹುಟ್ಟುತ್ತದೆ. ಈ ವ್ಯವಸ್ಥೆ ಉಳಿದದ್ದು 1956ರ ನವೆಂಬರ್‌ವರೆಗೆ ಮಾತ್ರ. ಆಮೇಲೆ ಮತ್ತೆ ವಾರಕ್ಕೊಮ್ಮೆ ಅರ್ಧ ಗಂಟೆ.

ಉತ್ತರ 3:
ಬೇಲಿ ಭಕ್ತರಿಗೆ ಒಂದು ಮಾತು. 1960ರಲ್ಲಿ ನಾಟಕದ ತಯಾರಿ ಹಾಲಿವುಡ್‌ನಿಂದ ನ್ಯೂಯಾರ್ಕ್‌ಗೆ ಹೋಯಿತು, ಬೇಲಿ ಹೋಗಲಿಲ್ಲ. ಅಲ್ಲಿಗೆ ಎಲ್ಲ ಮುಗಿಯಿತೆಂದು ಕೇಳುವುದನ್ನೇ ಬಿಡುತ್ತಾರೆ. ಜಾನಿಯಾಗಿ ಕೊನೆಗೆ ಬಂದ ಮ್ಯಾಂಡೆಲ್ ಕ್ರೇಮರ್ ಅವರನ್ನೂ ಕೇಳಿ. ಗಂಟಲಿನಲ್ಲೇ ನಗುವನ್ನು ಹಿಡಿದಿಟ್ಟುಕೊಂಡಂಥ ದನಿ. ಅವರ ಕೊನೆಯ ಕಂತು 1962ರ ಸೆಪ್ಟೆಂಬರ್ 30ರಂದು ಬಂತು. ಸಿಬಿಎಸ್‌ನದೇ ಇನ್ನೊಂದು ರೇಡಿಯೊ ನಾಟಕಮಾಲೆ ‘ಸಸ್ಪೆನ್ಸ್’ ಮುಗಿದದ್ದೂ ಅದೇ ದಿನ.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ಬೇಲಿಯವರ ಮೊದಲ ಪ್ರಕರಣ ಹಿಡಿದೆ. ಒಂದೇ ಭಾಗವೆಂದು ಕೂತವನು ಮೂರು ಮುಗಿಸಿದೆ. ಟ್ಯಾಕ್ಸಿ ಬಾಡಿಗೆಯ ಬಗ್ಗೆ ಆಡಿದ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ. ಇನ್ನೆರಡು ಬಾಕಿ ಇವೆ, ಮಾಡಿದವರು ಯಾರೆಂದು ದಯವಿಟ್ಟು ಯಾರೂ ಬರೆಯಬೇಡಿ.