ಸಹಾಯ ಬೇಕು: ಆಡಮ್ ಬೆಲ್ ಲಾವಣಿ

ಎಲ್ಲರಿಗೂ ನಮಸ್ಕಾರ. ಹಳೆ ಇಂಗ್ಲಿಷ್ ಲಾವಣಿ ಓದಿದವರು ಇಲ್ಲಿದ್ದೀರಾ?

ರಾಬಿನ್ ಹುಡ್ ಬಗ್ಗೆ ಬೇಕಾದಷ್ಟು ಸಿಗುತ್ತದೆ, ಅದು ಬೇಡ. ನನಗೆ ಬೇಕಿರುವುದು ಆಡಮ್ ಬೆಲ್, ಕ್ಲಿಮ್, ವಿಲಿಯಂ ಎಂಬ ಮೂವರ ಕಥೆ. ಕಾರ್ಲೈಲ್ ಹತ್ತಿರದ ಇಂಗಲ್‌ವುಡ್ ಕಾಡಿನಲ್ಲಿ ಜಿಂಕೆ ಹೊಡೆದುಕೊಂಡಿದ್ದ ಬಿಲ್ಲುಗಾರರು. ಹೆಂಡತಿ ಮಕ್ಕಳನ್ನು ನೋಡಲು ವಿಲಿಯಂ ಊರಿಗೆ ಬರುತ್ತಾನೆ. ಏಳು ವರ್ಷ ಅವನದೇ ಅನ್ನ ತಿಂದ ಮುದುಕಿ ಹೋಗಿ ಹಿಡಿದುಕೊಡುತ್ತಾಳೆ! ಕೊನೆಗೆ ರಾಜನ ಎದುರು, ಏಳು ವರ್ಷದ ಮಗನ ತಲೆ ಮೇಲೆ ಸೇಬು ಇಟ್ಟು, 120 ಹೆಜ್ಜೆ ದೂರದಿಂದ ಬಾಣ ಬಿಡುತ್ತಾನೆ. ಸ್ವಿಟ್ಜರ್ಲೆಂಡಿನ ವಿಲಿಯಂ ಟೆಲ್ ನೆನಪಾಗುತ್ತಾನೆ, ಅಲ್ವಾ?

ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅವರ ಸಂಗ್ರಹದಲ್ಲಿ (1882–1898) ಇದು 116ನೆಯದು. ಅಲ್ಲಿ ಕಾಗುಣಿತ ತುಂಬಾ ಹಳೆಯದು, ಓದುವುದು ಕಷ್ಟ. ಈಗಿನ ಕಾಗುಣಿತದಲ್ಲಿರುವ, ಪದಗಳ ಅರ್ಥವೂ ಇರುವ ಪ್ರತಿ ಯಾವುದಿದೆ? ಬೀದಿಯಲ್ಲಿ ಹೊತ್ತು ಮಾರುತ್ತಿದ್ದ ಅಗ್ಗದ ಚಾಪ್‌ಬುಕ್‌ಗಳಲ್ಲಿ ಮರದಚ್ಚಿನ ಚಿತ್ರ ಇರುತ್ತಿದ್ದವು. ಈ ಕಥೆಯ ಅಂಥ ಚಿತ್ರದ ಸ್ಕ್ಯಾನ್ ಸಿಕ್ಕರೆ ಇನ್ನೂ ಖುಷಿ. ಮುಂದಿನ ತಿಂಗಳು ನಮ್ಮ ಓದುಗರ ಬಳಗದಲ್ಲಿ ಈ ಕಥೆ ಹೇಳಬೇಕು. ಇಂಗ್ಲೆಂಡಿನಲ್ಲಿರುವವರು ಲೈಬ್ರರಿಯಲ್ಲಿ ಒಮ್ಮೆ ವಿಚಾರಿಸಿದರೂ ಸಾಕು. ಸುಮ್ನೆ ಒಂದು ಲಿಂಕ್ ಹಾಕಿದರೂ ನಡೆಯುತ್ತದೆ.